ಸೆರೆಮನೆಗೆ ಬದಲು ಚಿಕಿತ್ಸೆ: ಮನೋರೋಗಿಗಳನ್ನೂ ವ್ಯಸನಿಗಳನ್ನೂ ಕುರಿತ ದಂಡನೀತಿಯ ವಿಚಾರ

ದಂಡನೆಗೆ ನಾಲ್ಕು ಉದ್ದೇಶಗಳುಂಟೆಂದು ನ್ಯಾಯಶಾಸ್ತ್ರದ ಪಠ್ಯಗಳು ಹೇಳುತ್ತವೆ. ಮಾಡಿದ ತಪ್ಪಿಗೆ ತಕ್ಕ ಫಲವನ್ನು ಉಣ್ಣಿಸುವುದು ಮೊದಲನೆಯದು. ಇತರರು ಅದೇ ದಾರಿಯನ್ನು ಹಿಡಿಯದಂತೆ ಭಯವನ್ನು ಹುಟ್ಟಿಸುವುದು ಎರಡನೆಯದು. ಅಪರಾಧಿಯನ್ನು ತಿದ್ದುವುದು ಮೂರನೆಯದು. ಅವನಿಂದ ಸಮಾಜಕ್ಕೆ ಒದಗಬಹುದಾದ ಕೇಡನ್ನು ತಡೆಯುವುದು ನಾಲ್ಕನೆಯದು. ಈ ನಾಲ್ಕೂ ಒಂದೇ ಗೃಹೀತದ ಮೇಲೆ ನಿಂತಿವೆ: ತಪ್ಪು ಮಾಡಿದವನು ತಾನು ಮಾಡುತ್ತಿರುವುದು ಏನೆಂಬುದನ್ನು ಬಲ್ಲವನು, ಮಾಡದೆ ಇರಲು ಶಕ್ತನಾಗಿದ್ದವನು. ಈ ಗೃಹೀತವು ಸಡಿಲವಾದೆಡೆಯಲ್ಲಿ ದಂಡನೆಯ ಬುಡವೂ ಸಡಿಲವಾಗುತ್ತದೆ. ಯಾರಿಗೂ ಕೇಳಿಸದ ಧ್ವನಿಗಳ ಆಜ್ಞೆಯಂತೆ ನಡೆಯುವ ಮನೋರೋಗಿಗೆ ನೆರೆಯವನೊಬ್ಬನು ಸೆರೆಮನೆಗೆ ಹೋದ ಸಂಗತಿಯು ಎಚ್ಚರಿಕೆಯಾಗಲಾರದು. ಹೆರಾಯಿನ್ ದೊರೆಯದೆ ಮೈ ನಡುಗುತ್ತಿರುವವನಿಗೆ ಆರು ತಿಂಗಳ ಮೇಲೆ ಬರಬಹುದಾದ ಶಿಕ್ಷೆಗಿಂತ ಆರು ಗಂಟೆಗಳಲ್ಲಿ ಬರಲಿರುವ ಯಾತನೆಯೇ ದೊಡ್ಡದು. ಇಂಥವರನ್ನು ಸೆರೆಗೆ ಕಳುಹಿಸಿದರೆ ನಾಲ್ಕು ಉದ್ದೇಶಗಳಲ್ಲಿ ಕೊನೆಯದೊಂದು ಮಾತ್ರ, ಅದೂ ಸೆರೆಯ ಅವಧಿ ಮುಗಿಯುವ ತನಕ ಮಾತ್ರ, ಈಡೇರುತ್ತದೆ.

ಹಾಗಾದರೆ ಅಂಥವರ ವಿಷಯದಲ್ಲಿ ಏನು ಮಾಡತಕ್ಕದ್ದು? ಸುಮ್ಮನೆ ಬಿಟ್ಟುಬಿಡುವುದು ಉತ್ತರವಲ್ಲ. ಕಳವಾದ ವಸ್ತುವಿಗೆ ಒಡೆಯನಿದ್ದಾನೆ, ಪೆಟ್ಟು ತಿಂದವನಿಗೆ ನೋವಿದೆ. ಕಳೆದ ಐವತ್ತು ಅರುವತ್ತು ವರ್ಷಗಳಿಂದ ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಮುಖ್ಯವಾದುದು ‘ಸೆರೆಗೆ ಬದಲು ಚಿಕಿತ್ಸೆ’ ಎಂಬ ವ್ಯವಸ್ಥೆ. ಈ ದಿಕ್ಕಿನಲ್ಲಿ ಅತ್ಯಧಿಕ ಪ್ರಯೋಗಗಳು ನಡೆದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಸೆರೆಮನೆಗಳು ಅತಿಯಾಗಿ ತುಂಬಿದುದೂ ಅಲ್ಲಿಯೇ. ಆ ವ್ಯವಸ್ಥೆ ಹುಟ್ಟಿದ ಬಗೆ, ಅದು ನಡೆಯುವ ಕ್ರಮ, ಅದರಿಂದ ಆದ ಪ್ರಯೋಜನ, ಅದರ ಮೇಲಿರುವ ಆಕ್ಷೇಪಗಳು, ಕಡೆಯಲ್ಲಿ ನಮ್ಮ ದೇಶದ ಕಾನೂನಿನ ಸ್ಥಿತಿ, ಇವಿಷ್ಟನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

೧. ಯಾರನ್ನು ಕುರಿತ ವಿಚಾರ

ಮೊದಲು ಮೂರು ವರ್ಗಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಕೃತ್ಯವನ್ನು ಎಸಗುವ ಕಾಲದಲ್ಲಿಯೇ ಚಿತ್ತವಿಕಲತೆಯಿಂದ ತನ್ನ ಕೃತ್ಯದ ಸ್ವರೂಪವನ್ನು ಅರಿಯಲಾರದೆ ಇದ್ದವನು ಮೊದಲನೆಯ ವರ್ಗದವನು. ೧೮೬೦ರ ಭಾರತೀಯ ದಂಡ ಸಂಹಿತೆಯ ೮೪ನೆಯ ಪ್ರಕರಣವು ಇಂಥವನನ್ನು ಅಪರಾಧಿಯೆಂದು ಎಣಿಸಲಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೨ನೆಯ ಪ್ರಕರಣದಲ್ಲಿಯೂ ಅದೇ ತತ್ತ್ವವಿದೆ. ಕೃತ್ಯದ ಕಾಲದಲ್ಲಿ ಹೇಗಿದ್ದರೂ ವಿಚಾರಣೆಯ ಕಾಲಕ್ಕೆ ತನ್ನ ಪರವಾಗಿ ವಾದಿಸಿಕೊಳ್ಳಲು ಅಶಕ್ತನಾದವನು ಎರಡನೆಯ ವರ್ಗದವನು. ಇವನ ವಿಚಾರಣೆಯನ್ನು ತಡೆದಿಡಬೇಕಾಗುತ್ತದೆ. ಈ ಎರಡು ವರ್ಗಗಳಿಗೆ ಕಾನೂನಿನಲ್ಲಿ ಬಹುಕಾಲದಿಂದ ಸ್ಥಾನವುಂಟು.

ಮೂರನೆಯ ವರ್ಗದವನ ಸ್ಥಿತಿ ಬೇರೆ. ಅವನು ಕಾನೂನಿನ ದೃಷ್ಟಿಯಲ್ಲಿ ಹೊಣೆಗಾರನೇ. ವಿಚಾರಣೆಯನ್ನು ಎದುರಿಸಲೂ ಶಕ್ತನೇ. ಆದರೆ ಅವನ ಅಪರಾಧವು ರೋಗದಿಂದಲೋ ವ್ಯಸನದಿಂದಲೋ ಹುಟ್ಟಿದುದು. ಅಂಗಡಿಯ ಜಗಲಿಯಲ್ಲಿ ಮಲಗಿ ಎದ್ದುಹೋಗದವನು, ಬೀದಿಯಲ್ಲಿ ಕೂಗಾಡುವವನು, ಚಟದ ಖರ್ಚಿಗಾಗಿ ಚಿಲ್ಲರೆ ಕಳವು ಮಾಡುವವನು, ಸ್ವಂತ ಸೇವನೆಗಾಗಿ ಒಂದು ಚಿಟಿಕೆ ಪುಡಿಯನ್ನು ಜೇಬಿನಲ್ಲಿ ಇಟ್ಟುಕೊಂಡವನು, ಇವರೆಲ್ಲರೂ ಈ ವರ್ಗಕ್ಕೆ ಸೇರುತ್ತಾರೆ. ಸಂಖ್ಯೆಯಲ್ಲಿ ಇವರೇ ಹೆಚ್ಚು. ಹಳೆಯ ಕಾನೂನಿನಲ್ಲಿ ಇವರಿಗೆಂದು ಪ್ರತ್ಯೇಕವಾದ ಬಾಗಿಲಿರಲಿಲ್ಲ. ಸೆರೆಗೆ ಬದಲಾದ ಚಿಕಿತ್ಸೆಯ ವಿಚಾರವು ಬಹುಮಟ್ಟಿಗೆ ಇವರಿಗೆ ಸಂಬಂಧಿಸಿದ್ದು.

೨. ಆಸ್ಪತ್ರೆ ಬರಿದಾಗಿ ಸೆರೆಮನೆ ತುಂಬಿದುದು

೧೮೪೧ರಲ್ಲಿ ಡೊರೊಥಿಯಾ ಡಿಕ್ಸ್ ಎಂಬ ಉಪಾಧ್ಯಾಯಿನಿಯು ಮ್ಯಾಸಚೂಸೆಟ್ಸ್ ಸಂಸ್ಥಾನದ ಈಸ್ಟ್ ಕೇಂಬ್ರಿಜ್ ಸೆರೆಮನೆಗೆ ಭಾನುವಾರದ ಧರ್ಮಪಾಠವನ್ನು ಹೇಳಲು ಹೋದರು. ಅಲ್ಲಿ ಮನೋರೋಗಿಗಳಾದ ಹೆಂಗಸರನ್ನು ಅಪರಾಧಿಗಳೊಂದಿಗೆ, ಚಳಿಗೆ ಬೆಂಕಿಯೂ ಇಲ್ಲದ ಕೋಣೆಗಳಲ್ಲಿ ಕೂಡಿಹಾಕಿದ್ದರು. ಡಿಕ್ಸ್ ಅವರು ಆ ಸಂಸ್ಥಾನದ ಸೆರೆಮನೆಗಳನ್ನೂ ಅನಾಥಾಲಯಗಳನ್ನೂ ಸುತ್ತಿ ನೋಡಿ, ೧೮೪೩ರಲ್ಲಿ ಶಾಸನಸಭೆಗೆ ಒಂದು ವಿಜ್ಞಾಪನೆಯನ್ನು ಅರ್ಪಿಸಿದರು. ಮುಂದಿನ ದಶಕಗಳಲ್ಲಿ ಅನೇಕ ಸಂಸ್ಥಾನಗಳಲ್ಲಿ ಸರ್ಕಾರಿ ಮಾನಸಿಕ ಚಿಕಿತ್ಸಾಲಯಗಳು ಏಳುವುದಕ್ಕೆ ಅವರ ಪ್ರಯತ್ನವು ದೊಡ್ಡ ಕಾರಣವಾಯಿತು. ಸೆರೆಮನೆಗೆ ಮೊದಲನೆಯ ಬದಲು ವ್ಯವಸ್ಥೆಯೆಂದರೆ ಈ ಚಿಕಿತ್ಸಾಲಯವೇ ಎಂಬುದನ್ನು ಮರೆಯಬಾರದು.

ಆದರೆ ಕಾಲಕ್ರಮದಲ್ಲಿ ಚಿಕಿತ್ಸಾಲಯವೇ ಒಂದು ಸೆರೆಮನೆಯಾಯಿತು. ೧೯೫೫ರ ವೇಳೆಗೆ ಅಮೆರಿಕದ ಸರ್ಕಾರಿ ಮಾನಸಿಕ ಚಿಕಿತ್ಸಾಲಯಗಳಲ್ಲಿ ಸುಮಾರು ೫.೫ ಲಕ್ಷ ರೋಗಿಗಳಿದ್ದರು. ಒಳಗೆ ಹೋದವರಲ್ಲಿ ಎಷ್ಟೋ ಮಂದಿ ಹೊರಗೆ ಬರಲಿಲ್ಲ. ಕ್ಲೋರ್‌ಪ್ರೊಮಜೀನ್ ಎಂಬ ಔಷಧವು ಅದೇ ಕಾಲದಲ್ಲಿ ಬಳಕೆಗೆ ಬಂದು, ರೋಗಿಗಳನ್ನು ಮನೆಯಲ್ಲಿಯೇ ಇಟ್ಟು ಉಪಚರಿಸಬಹುದೆಂಬ ಭರವಸೆಯನ್ನು ತಂದಿತು. ೧೯೬೩ರ ಅಕ್ಟೋಬರ್ ೩೧ರಂದು ಅಧ್ಯಕ್ಷ ಕೆನೆಡಿಯವರು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಸ್ಥಾಪಿಸುವ ಶಾಸನಕ್ಕೆ ಸಹಿ ಮಾಡಿದರು. ದೊಡ್ಡ ಚಿಕಿತ್ಸಾಲಯಗಳನ್ನು ಬರಿದುಮಾಡಿ, ಊರೂರಿನ ಸಣ್ಣ ಕೇಂದ್ರಗಳಲ್ಲಿ ಉಪಚಾರ ನೀಡಬೇಕೆಂಬುದು ಯೋಜನೆ. ಅದರ ಮೊದಲ ಅರ್ಧ ಮಾತ್ರ ನೆರವೇರಿತು. ೧೯೯೪ರ ಹೊತ್ತಿಗೆ ಚಿಕಿತ್ಸಾಲಯಗಳಲ್ಲಿ ಉಳಿದವರು ೭೦ ಸಾವಿರವನ್ನು ಸ್ವಲ್ಪ ಮೀರಿದ್ದರು. ಉದ್ದೇಶಿಸಿದ್ದ ಕೇಂದ್ರಗಳಲ್ಲಿಯಾದರೋ ಅರ್ಧದಷ್ಟು ಮಾತ್ರ ಎದ್ದವು.

ಬ್ರಿಟನ್ನಿನ ಲಯೊನೆಲ್ ಪೆನ್‌ರೋಸ್ ೧೯೩೯ರಲ್ಲಿ ಐರೋಪ್ಯ ದೇಶಗಳ ಅಂಕಿಗಳನ್ನು ಹೋಲಿಸಿ, ಮಾನಸಿಕ ಚಿಕಿತ್ಸಾಲಯಗಳಲ್ಲಿ ಹಾಸಿಗೆಗಳು ಹೆಚ್ಚಾಗಿರುವಲ್ಲಿ ಸೆರೆಯಾಳುಗಳು ಕಡಿಮೆ, ಹಾಸಿಗೆಗಳು ಕಡಿಮೆಯಾಗಿರುವಲ್ಲಿ ಸೆರೆಯಾಳುಗಳು ಹೆಚ್ಚು ಎಂದು ತೋರಿಸಿದ್ದರು. ಇದನ್ನು ತಪ್ಪದ ನಿಯಮವೆಂದು ಹಿಡಿಯುವಂತಿಲ್ಲ. ಎರಡೂ ಬೇರೆ ಕಾರಣಗಳಿಂದ ಬದಲಾಗಬಹುದೆಂದು ಅನಂತರದ ವಿದ್ವಾಂಸರು ವಾದಿಸಿದ್ದಾರೆ. ಆದರೂ ಅಮೆರಿಕದಲ್ಲಿ ನಡೆದುದು ಪೆನ್‌ರೋಸರ ಮಾತಿಗೆ ಬಹಳ ದೂರವಾಗಿರಲಿಲ್ಲ. ೧೯೭೨ರಲ್ಲಿಯೇ ಕ್ಯಾಲಿಫೋರ್ನಿಯದ ಮನೋವೈದ್ಯ ಮಾರ್ಕ್ ಅಬ್ರಾಮ್‌ಸನ್, ರೋಗದ ನಡತೆಯೇ ಅಪರಾಧವೆಂದು ಎಣಿಸಲ್ಪಡುತ್ತಿದೆಯೆಂದು ಎಚ್ಚರಿಸಿದರು. ನಡುರಾತ್ರಿಯಲ್ಲಿ ಬೀದಿಯಲ್ಲಿ ಕೂಗಾಡುವವನನ್ನು ಹಿಡಿದ ಪೊಲೀಸಿನವನಿಗೆ ಎರಡು ಬಾಗಿಲುಗಳುಂಟು. ಆಸ್ಪತ್ರೆಯ ಬಾಗಿಲು ಹಾಸಿಗೆಯಿಲ್ಲವೆಂದು ಮುಚ್ಚಿಕೊಂಡರೆ ಲಾಕಪ್ಪಿನ ಬಾಗಿಲು ಹಗಲಿರುಳೂ ತೆರೆದಿರುತ್ತದೆ. ಇದರ ಮೇಲೆ ೧೯೭೩ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿಯೂ ೧೯೮೬ರಲ್ಲಿ ಇಡೀ ದೇಶಕ್ಕೂ ಮಾದಕದ್ರವ್ಯಗಳನ್ನು ಕುರಿತ ಕಠಿಣ ಶಾಸನಗಳು ಬಂದವು.

ಇದರಿಂದ ಆದ ವ್ಯರ್ಥ ಸುತ್ತಾಟವನ್ನು ಫ್ಲಾರಿಡದ ಮಯಾಮಿ ಪ್ರಾಂತದ ಒಂದು ಲೆಕ್ಕವು ಸ್ಪಷ್ಟಪಡಿಸುತ್ತದೆ. ಅಲ್ಲಿ ಪದೇ ಪದೇ ಸೆರೆಗೆ ಬರುತ್ತಿದ್ದ ೯೭ ಮಂದಿ ಮನೋರೋಗಿಗಳ ಐದು ವರ್ಷಗಳ ಇತಿಹಾಸವನ್ನು ಪರಿಶೀಲಿಸಿದಾಗ, ಅವರನ್ನು ಸುಮಾರು ೨,೨೦೦ ಸಲ ಬಂಧಿಸಲಾಗಿತ್ತೆಂದೂ, ಅವರು ಸೆರೆಮನೆಯಲ್ಲಿ ಸುಮಾರು ೨೭,೦೦೦ ದಿನಗಳನ್ನೂ ಆಸ್ಪತ್ರೆ ಮೊದಲಾದೆಡೆಗಳಲ್ಲಿ ಸುಮಾರು ೧೩,೦೦೦ ದಿನಗಳನ್ನೂ ಕಳೆದಿದ್ದರೆಂದೂ ತಿಳಿದುಬಂದಿತು. ಒಬ್ಬೊಬ್ಬನೂ ವರ್ಷಕ್ಕೆ ನಾಲ್ಕೈದು ಸಲ ಬಂಧಿತನಾದಂತಾಯಿತು. ಇಷ್ಟೆಲ್ಲ ಖರ್ಚಾದ ಮೇಲೂ ಅವರ ರೋಗ ಮೊದಲಿದ್ದಲ್ಲಿಯೇ ಇತ್ತು.

೩. ವ್ಯಸನವು ಅಪರಾಧವೇ, ರೋಗವೇ?

ವ್ಯಸನಿಗಳ ವಿಷಯದಲ್ಲಿ ನ್ಯಾಯಾಲಯವು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದುದು ೧೯೬೨ರಲ್ಲಿ, ರಾಬಿನ್‌ಸನ್ ಮತ್ತು ಕ್ಯಾಲಿಫೋರ್ನಿಯ ನಡುವಣ ಮೊಕದ್ದಮೆಯಲ್ಲಿ. ಮಾದಕದ್ರವ್ಯದ ವ್ಯಸನಿಯಾಗಿರುವುದೇ ಅಪರಾಧವೆಂದೂ, ಅದಕ್ಕೆ ಕನಿಷ್ಠ ೯೦ ದಿನಗಳ ಸೆರೆಯೆಂದೂ ಕ್ಯಾಲಿಫೋರ್ನಿಯದ ಶಾಸನವೊಂದು ವಿಧಿಸಿತ್ತು. ವ್ಯಸನವು ಒಂದು ರೋಗಸ್ಥಿತಿ. ಸ್ಥಿತಿಯನ್ನು ದಂಡಿಸುವುದು ಸಂವಿಧಾನವು ನಿಷೇಧಿಸಿರುವ ಕ್ರೂರ ಶಿಕ್ಷೆ ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ನೆಗಡಿ ಬಂದವನಿಗೆ ಒಂದು ದಿನದ ಸೆರೆಯನ್ನು ವಿಧಿಸಿದರೂ ಅದು ಕ್ರೂರವೇ ಎಂಬುದು ಅದರ ತರ್ಕ. ಆದರೆ ೧೯೬೮ರಲ್ಲಿ ಪೊವೆಲ್ ಮತ್ತು ಟೆಕ್ಸಸ್ ನಡುವಣ ಮೊಕದ್ದಮೆಯಲ್ಲಿ, ಮದ್ಯವ್ಯಸನಿಯೊಬ್ಬನು ಸಾರ್ವಜನಿಕ ಸ್ಥಳದಲ್ಲಿ ಕುಡಿದು ಕಾಣಿಸಿಕೊಂಡುದಕ್ಕೆ ವಿಧಿಸಿದ ಶಿಕ್ಷೆಯನ್ನು ಅದೇ ನ್ಯಾಯಾಲಯವು ಎತ್ತಿಹಿಡಿಯಿತು. ಎರಡನ್ನೂ ಕೂಡಿಸಿ ನೋಡಿದರೆ ನಿಲ್ಲುವ ತತ್ತ್ವವಿದು: ವ್ಯಸನಿಯಾಗಿರುವುದಕ್ಕೆ ದಂಡಿಸಕೂಡದು, ವ್ಯಸನದಿಂದ ಮಾಡಿದ ಕೃತ್ಯಕ್ಕೆ ದಂಡಿಸಬಹುದು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ೧೯೬೨ರ ತೀರ್ಪು ದಂಡನೆಯನ್ನು ನಿಷೇಧಿಸಿತೇ ಹೊರತು ಬಲವಂತದ ಚಿಕಿತ್ಸೆಯನ್ನು ನಿಷೇಧಿಸಲಿಲ್ಲ. ಸಂಸ್ಥಾನಗಳು ಅಂಥ ಚಿಕಿತ್ಸೆಯನ್ನು ಏರ್ಪಡಿಸಬಹುದೆಂದೇ ಹೇಳಿತು. ಸೆರೆಯ ಬಾಗಿಲನ್ನು ಮುಚ್ಚಿದ ಕೈಯೇ ಮತ್ತೊಂದು ಬಾಗಿಲನ್ನು ತೆರೆಯಿತು. ಆ ಬಾಗಿಲ ಹಿಂದೆ ಚಿಕಿತ್ಸೆಯೇ ಇದೆಯೋ, ಬೇರೆ ಹೆಸರಿನ ಸೆರೆಯೇ ಇದೆಯೋ ಎಂಬುದು ಅಂದಿನಿಂದ ಇಂದಿನವರೆಗೂ ಈ ವಿಷಯದ ಮುಖ್ಯ ಪ್ರಶ್ನೆಯಾಗಿ ಉಳಿದಿದೆ. ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ೧೯೩೫ರಲ್ಲಿ ಸರ್ಕಾರವು ತೆರೆದ ಚಿಕಿತ್ಸಾಲಯವು ಇದಕ್ಕೆ ಹಳೆಯ ನಿದರ್ಶನ. ಶಿಕ್ಷೆಗೊಳಗಾದ ವ್ಯಸನಿಗಳೂ ತಾವಾಗಿ ಬಂದವರೂ ಅಲ್ಲಿ ಜೊತೆಯಾಗಿ ಇದ್ದರು. ಅರ್ಧ ಆಸ್ಪತ್ರೆ, ಅರ್ಧ ಕಾರಾಗೃಹ. ಅಲ್ಲಿಂದ ಹೊರಬಂದವರಲ್ಲಿ ಬಹುಪಾಲು ಮಂದಿ ಮತ್ತೆ ವ್ಯಸನಕ್ಕೆ ಬಿದ್ದರು. ಊರಿನಿಂದ ದೂರವಿಟ್ಟು ವಾಸಿಮಾಡಿ ಅದೇ ಊರಿಗೆ, ಅದೇ ಸಹವಾಸಕ್ಕೆ, ಮುಂದಿನ ಉಪಚಾರವಿಲ್ಲದೆ ಮರಳಿಸಿದರೆ ಆಗುವುದು ಇಷ್ಟೇ ಎಂಬ ಪಾಠವನ್ನು ಲೆಕ್ಸಿಂಗ್ಟನ್ ಕಲಿಸಿತು.

೪. ದಾರಿ ಬದಲಿಸುವ ಕವಲುಗಳು

ಬಂಧನದಿಂದ ಬಿಡುಗಡೆಯವರೆಗಿನ ದಾರಿಯಲ್ಲಿ ಮನುಷ್ಯನನ್ನು ಸೆರೆಯಿಂದ ಚಿಕಿತ್ಸೆಯ ಕಡೆಗೆ ತಿರುಗಿಸಬಹುದಾದ ಕವಲುಗಳು ಹಲವು. ೨೦೦೬ರಲ್ಲಿ ಮ್ಯೂನೆಟ್ಜ್ ಮತ್ತು ಗ್ರಿಫಿನ್ ಎಂಬ ಇಬ್ಬರು ಇವನ್ನು ಐದಾಗಿ ವಿಂಗಡಿಸಿದರು: ಪೊಲೀಸರ ಮೊದಲ ಭೇಟಿ, ಬಂಧನದ ಅನಂತರದ ಮೊದಲ ಹಾಜರಿ, ನ್ಯಾಯಾಲಯ ಮತ್ತು ಸೆರೆಮನೆ, ಬಿಡುಗಡೆಯ ಘಟ್ಟ, ಬಿಡುಗಡೆಯ ಮೇಲಣ ನಿಗಾ. ಮುಂಚಿನ ಕವಲಿನಲ್ಲಿ ತಿರುಗಿದಷ್ಟೂ ರೋಗಿಗೆ ಹಾನಿ ಕಡಿಮೆ, ಸರ್ಕಾರಕ್ಕೆ ವೆಚ್ಚ ಕಡಿಮೆ.

ಪೊಲೀಸರ ಕವಲಿನಲ್ಲಿ ಮಾದರಿಯಾದುದು ಟೆನೆಸಿ ಸಂಸ್ಥಾನದ ಮೆಂಫಿಸ್ ನಗರ. ೧೯೮೭ರಲ್ಲಿ ಅಲ್ಲಿ ಮನೋರೋಗಿಯೊಬ್ಬನು ಪೊಲೀಸರ ಗುಂಡಿಗೆ ಬಲಿಯಾದ ಮೇಲೆ, ೧೯೮೮ರಲ್ಲಿ ಒಂದು ವಿಶೇಷ ದಳವು ಏರ್ಪಟ್ಟಿತು. ತಾವಾಗಿ ಮುಂದೆ ಬಂದ ಪೊಲೀಸರಿಗೆ ೪೦ ಗಂಟೆಗಳ ಶಿಕ್ಷಣ. ರೋಗದ ಲಕ್ಷಣಗಳನ್ನು ಗುರುತಿಸುವುದು, ಮಾತಿನಿಂದ ಉದ್ರೇಕವನ್ನು ಇಳಿಸುವುದು, ಠಾಣೆಗೆ ಬದಲು ಆಸ್ಪತ್ರೆಗೆ ಕರೆದೊಯ್ಯುವುದು. ಇದರ ಜೊತೆಗೆ, ಪೊಲೀಸರು ಕರೆತಂದವರನ್ನು ಯಾವ ವೇಳೆಯಲ್ಲಿಯೂ ತಿರಸ್ಕರಿಸದ ಆಸ್ಪತ್ರೆಯೊಂದು ಇರಬೇಕೆಂಬುದು ಈ ಮಾದರಿಯ ಜೀವಾಳ. ಎರಡನೆಯ ಕವಲಿನ ಪ್ರಯೋಗವು ಇದಕ್ಕೂ ಹಿಂದಿನದು. ೧೯೭೨ರಲ್ಲಿ ಡೆಲವೇರ್ ಸಂಸ್ಥಾನದ ವಿಲ್ಮಿಂಗ್ಟನ್ನಿನಲ್ಲಿ, ಬಂಧಿತರಲ್ಲಿ ವ್ಯಸನಿಗಳಾರೆಂದು ಗುರುತಿಸಿ ಅವರನ್ನು ಚಿಕಿತ್ಸೆಗೆ ಒಪ್ಪಿಸಿ ಅದರ ವರದಿಯನ್ನು ನ್ಯಾಯಾಲಯಕ್ಕೆ ತಲುಪಿಸುವ ಮಧ್ಯವರ್ತಿ ಸಂಸ್ಥೆಯೊಂದು ಆರಂಭವಾಯಿತು. ನ್ಯಾಯಾಲಯದ ಭಾಷೆ ವೈದ್ಯನಿಗೆ ತಿಳಿಯದು, ವೈದ್ಯನ ಭಾಷೆ ನ್ಯಾಯಾಲಯಕ್ಕೆ ತಿಳಿಯದು. ನಡುವೆ ಒಬ್ಬ ದುಭಾಷಿ ಬೇಕೆಂಬ ವಿವೇಕವು ಇದರಲ್ಲಿದೆ.

ಮೂರನೆಯ ಕವಲು ವಿಶೇಷ ನ್ಯಾಯಾಲಯದ್ದು. ಕೊಕೇನ್ ಹಾವಳಿಯಿಂದ ಸೆರೆಮನೆಗಳು ಉಕ್ಕುತ್ತಿದ್ದಾಗ, ೧೯೮೯ರಲ್ಲಿ ಮಯಾಮಿಯಲ್ಲಿ ಮೊದಲನೆಯ ಮಾದಕದ್ರವ್ಯ ನ್ಯಾಯಾಲಯವು ತೆರೆಯಿತು. ಅದರ ಮೊದಲ ನ್ಯಾಯಾಧೀಶರು ಸ್ಟಾನ್ಲಿ ಗೋಲ್ಡ್‌ಸ್ಟೀನ್. ೧೯೯೭ರಲ್ಲಿ ನೆರೆಯ ಬ್ರೊವಾರ್ಡ್ ಪ್ರಾಂತದಲ್ಲಿ ನ್ಯಾಯಾಧೀಶೆ ಜಿಂಜರ್ ಲರ್ನರ್-ರೆನ್ ಅವರ ಮುಂದೆ ಮನೋರೋಗಿಗಳಿಗಾಗಿಯೇ ಒಂದು ನ್ಯಾಯಾಲಯವು ಆರಂಭವಾಯಿತು. ಇಂದು ಅಮೆರಿಕದಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಇಂಥ ನ್ಯಾಯಾಲಯಗಳಿವೆ.

೫. ವಿಶೇಷ ನ್ಯಾಯಾಲಯವು ನಡೆಯುವ ಕ್ರಮ

ಸಾಮಾನ್ಯ ನ್ಯಾಯಾಲಯದಲ್ಲಿ ನ್ಯಾಯಾಧೀಶನು ಎರಡು ಪಕ್ಷಗಳ ವಾದವನ್ನು ಕೇಳಿ ತೀರ್ಪು ಕೊಟ್ಟರೆ ಅವನ ಕೆಲಸ ಮುಗಿಯಿತು. ಮಾದಕದ್ರವ್ಯ ನ್ಯಾಯಾಲಯದಲ್ಲಿ ಕೆಲಸವು ಅಲ್ಲಿಂದ ಆರಂಭವಾಗುತ್ತದೆ. ಆಪಾದಿತನು ಒಪ್ಪಿದರೆ ಅವನ ಮೊಕದ್ದಮೆಯನ್ನು ತಡೆದಿಟ್ಟು, ಅಥವಾ ತಪ್ಪೊಪ್ಪಿಗೆಯನ್ನು ಪಡೆದು ಶಿಕ್ಷೆಯನ್ನು ತಡೆದಿಟ್ಟು, ಅವನನ್ನು ಸಾಮಾನ್ಯವಾಗಿ ಒಂದು ವರ್ಷದ ಅಥವಾ ಅದಕ್ಕೂ ಹೆಚ್ಚಿನ ಚಿಕಿತ್ಸೆಗೆ ಕಳುಹಿಸುತ್ತಾರೆ. ಅವನು ವಾರಕ್ಕೋ ಪಕ್ಷಕ್ಕೋ ಒಮ್ಮೆ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಸರ್ಕಾರದ ವಕೀಲ, ಆಪಾದಿತನ ವಕೀಲ, ಚಿಕಿತ್ಸಕ, ನಿಗಾ ಅಧಿಕಾರಿ, ಇವರೆಲ್ಲರೂ ಮೊದಲೇ ಕಲೆತು ಅವನ ಪ್ರಗತಿಯನ್ನು ವಿಚಾರಿಸಿರುತ್ತಾರೆ. ನ್ಯಾಯಾಧೀಶರು ವಕೀಲರ ಮೂಲಕವಲ್ಲದೆ ನೇರವಾಗಿ ಅವನೊಡನೆಯೇ ಮಾತನಾಡುತ್ತಾರೆ: ಕೆಲಸ ಸಿಕ್ಕಿತೇ, ಮನೆಗೆ ಮರಳಿದೆಯಾ, ಕಳೆದ ವಾರದ ಮೂತ್ರಪರೀಕ್ಷೆಯಲ್ಲಿ ದ್ರವ್ಯ ಕಂಡುದೇಕೆ? ಒಳ್ಳೆಯ ವರದಿಗೆ ಎಲ್ಲರೆದುರಿನಲ್ಲಿ ಮೆಚ್ಚುಗೆ. ತಪ್ಪಿದರೆ ಸಣ್ಣ ಶಿಕ್ಷೆ, ಕೆಲವು ವೇಳೆ ಒಂದೆರಡು ದಿನಗಳ ಸೆರೆ. ಕ್ರಮವನ್ನು ಪೂರೈಸಿದವನ ಮೇಲಣ ಆಪಾದನೆಯನ್ನು ವಜಾ ಮಾಡುತ್ತಾರೆ, ಅಥವಾ ಶಿಕ್ಷೆಯನ್ನು ಮನ್ನಿಸುತ್ತಾರೆ.

ಈ ಕ್ರಮದಲ್ಲಿ ಹೊಸತಾದುದು ಒಂದು ಮನೋವೈಜ್ಞಾನಿಕ ತಿಳಿವಳಿಕೆ. ದೂರದ ದೊಡ್ಡ ಶಿಕ್ಷೆಗಿಂತ ಹತ್ತಿರದ ಸಣ್ಣ ಪರಿಣಾಮವು ಮನುಷ್ಯನ ನಡತೆಯನ್ನು ಹೆಚ್ಚು ತಿದ್ದುತ್ತದೆ. ವ್ಯಸನಿಯಲ್ಲಂತೂ ದೂರದ ಫಲವನ್ನು ತೂಗಿನೋಡುವ ಶಕ್ತಿಯೇ ಕುಂದಿರುತ್ತದೆ. ಎರಡನೆಯದಾಗಿ, ಒಮ್ಮೆ ಜಾರಿಬಿದ್ದುದನ್ನು ಈ ನ್ಯಾಯಾಲಯವು ಒಪ್ಪಂದದ ಮುರಿತವೆಂದು ಎಣಿಸುವುದಿಲ್ಲ. ವ್ಯಸನವು ಮರುಕಳಿಸುವ ಸ್ವಭಾವದ ರೋಗ. ಸಕ್ಕರೆಯ ರೋಗಿಯ ರಕ್ತದಲ್ಲಿ ಒಂದು ದಿನ ಸಕ್ಕರೆ ಏರಿದರೆ ವೈದ್ಯನು ಅವನನ್ನು ಹೊರಗೆ ಅಟ್ಟುವುದಿಲ್ಲವಷ್ಟೆ.

ಮನೋರೋಗಿಗಳ ನ್ಯಾಯಾಲಯದಲ್ಲಿ ಶಿಕ್ಷೆಯ ಅಂಶ ಇನ್ನೂ ಕಡಿಮೆ. ವಸತಿ, ಔಷಧ, ಪಿಂಚಣಿ ಇವುಗಳ ಏರ್ಪಾಡೇ ಹೆಚ್ಚು. ಮಯಾಮಿಯಲ್ಲಿ ನ್ಯಾಯಾಧೀಶ ಸ್ಟೀವನ್ ಲೈಫ್‌ಮನ್ ಅವರು ೨೦೦೦ದಲ್ಲಿ ಆರಂಭಿಸಿದ ಯೋಜನೆಯು ಪೊಲೀಸರ ಕವಲನ್ನೂ ನ್ಯಾಯಾಲಯದ ಕವಲನ್ನೂ ಒಟ್ಟಿಗೆ ಜೋಡಿಸಿತು. ಅಲ್ಲಿ ಶಿಕ್ಷಣ ಪಡೆದ ಪೊಲೀಸರು ಸುಮಾರು ಹತ್ತು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಕರೆಗಳಿಗೆ ಹೋಗಿ, ಬಂಧಿಸಿದುದು ಇನ್ನೂರಕ್ಕಿಂತ ಕಡಿಮೆ ಮಂದಿಯನ್ನು. ಪ್ರಾಂತದ ಸೆರೆಯಾಳುಗಳ ದೈನಿಕ ಸಂಖ್ಯೆ ಏಳು ಸಾವಿರದಿಂದ ನಾಲ್ಕು ಸಾವಿರದ ಆಸುಪಾಸಿಗೆ ಇಳಿದು, ಒಂದು ಸೆರೆಮನೆಯನ್ನೇ ಮುಚ್ಚಲು ಸಾಧ್ಯವಾಯಿತು.

೬. ಫಲ ಮತ್ತು ಆಕ್ಷೇಪ

ಫಲವನ್ನು ಅಳೆಯುವುದು ಸುಲಭವಲ್ಲ. ತಿದ್ದಿಕೊಳ್ಳುವ ಮನಸ್ಸುಳ್ಳವರೇ ಈ ನ್ಯಾಯಾಲಯಗಳಿಗೆ ಬರುವ ಸಂಭವವುಂಟು. ಅಮೆರಿಕದ ನ್ಯಾಯಾಂಗ ಇಲಾಖೆಯ ನೆರವಿನಿಂದ ೨೩ ಮಾದಕದ್ರವ್ಯ ನ್ಯಾಯಾಲಯಗಳನ್ನು ಕುರಿತು ನಡೆದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನವು, ಇವುಗಳಿಗೆ ಸೇರಿದವರನ್ನು ಸೇರದ ಸಮಾನರೊಂದಿಗೆ ಹೋಲಿಸಿತು. ೧೮ ತಿಂಗಳ ಮೇಲೆ ವಿಚಾರಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ದ್ರವ್ಯ ಸೇವಿಸಿದ್ದವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೫೬, ಎರಡನೆಯದರಲ್ಲಿ ೭೬. ಅಪರಾಧವೆಸಗಿದ್ದವರು ಕ್ರಮವಾಗಿ ೪೦ ಮತ್ತು ೫೩. ಫಲವು ನಿಜವಾದುದು, ಆದರೆ ಪವಾಡವಲ್ಲ.

ಆಕ್ಷೇಪಗಳಲ್ಲಿ ಮೂರು ಗಮನಾರ್ಹವಾದುವು. ಮೊದಲನೆಯದು ಬಲೆಯ ವಿಸ್ತಾರ. ಮೊದಲಾದರೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದವನನ್ನು ಈಗ ‘ಚಿಕಿತ್ಸೆಗಾಗಿ’ ಬಂಧಿಸುವುದುಂಟು. ಕ್ರಮವನ್ನು ಪೂರೈಸಲಾರದವನಿಗೆ ತಡೆದಿಟ್ಟ ಶಿಕ್ಷೆ ಪೂರ್ತಿಯಾಗಿ ಬೀಳುತ್ತದೆ. ಆದಕಾರಣ ಕೆಲವು ಅಧ್ಯಯನಗಳಲ್ಲಿ ಸೆರೆಗೆ ಹೋದವರ ಸಂಖ್ಯೆ ಇಳಿದರೂ ಸೆರೆಯಲ್ಲಿ ಕಳೆದ ಒಟ್ಟು ದಿನಗಳು ಇಳಿದಂತೆ ಕಾಣಲಿಲ್ಲ. ಎರಡನೆಯದು, ನ್ಯಾಯಾಧೀಶನು ವೈದ್ಯನಾಗುವ ಅಪಾಯ. ಅಫೀಮು ಜಾತಿಯ ವ್ಯಸನಕ್ಕೆ ಮೆಥಡೋನ್ ಚಿಕಿತ್ಸೆಯನ್ನು ಡೋಲ್ ಮತ್ತು ನಿಸ್ವಾಂಡರ್ ೧೯೬೫ರಲ್ಲಿಯೇ ಪ್ರಕಟಿಸಿದ್ದರು. ಆದರೂ ಅದು ‘ಒಂದು ಚಟಕ್ಕೆ ಬದಲು ಇನ್ನೊಂದು ಚಟ’ ಎಂಬ ಭಾವನೆಯಿಂದ ಎಷ್ಟೋ ಮಾದಕದ್ರವ್ಯ ನ್ಯಾಯಾಲಯಗಳು ಅದನ್ನು ನಿಷೇಧಿಸಿದ್ದವು. ೨೦೧೫ರಲ್ಲಿ ಕೇಂದ್ರ ಸರ್ಕಾರವು ತನ್ನ ಧನಸಹಾಯಕ್ಕೆ ಈ ನಿಷೇಧವಿರಕೂಡದೆಂಬ ಷರತ್ತನ್ನು ಹಾಕಬೇಕಾಯಿತು.

ಮೂರನೆಯದು, ಚಿಕಿತ್ಸೆಯೇ ಇಲ್ಲದ ಬದಲು ವ್ಯವಸ್ಥೆ. ಆರೆಗಾನ್ ಸಂಸ್ಥಾನದ ಮತದಾರರು ೨೦೨೦ರಲ್ಲಿ ಅಲ್ಪ ಪ್ರಮಾಣದ ದ್ರವ್ಯವನ್ನು ಇಟ್ಟುಕೊಳ್ಳುವುದಕ್ಕೆ ಸೆರೆಯನ್ನು ತೆಗೆದುಹಾಕಿ, ೧೦೦ ಡಾಲರ್ ದಂಡವನ್ನು ವಿಧಿಸಿ, ದೂರವಾಣಿಯಲ್ಲಿ ಆರೋಗ್ಯ ವಿಚಾರಣೆಗೆ ಒಳಪಟ್ಟರೆ ಆ ದಂಡವೂ ಇಲ್ಲವೆಂದು ಮಾಡಿದರು. ಕರೆಮಾಡಿದವರು ತೀರ ಕೆಲವರು. ಚಿಕಿತ್ಸಾಕೇಂದ್ರಗಳಿಗೆ ಹಣ ತಲುಪಲು ಬಹಳ ತಡವಾಯಿತು. ೨೦೨೪ರ ಸೆಪ್ಟೆಂಬರ್ ೧ರಿಂದ ಅದು ಮತ್ತೆ ಅಪರಾಧವಾಯಿತು. ಇದಕ್ಕೆ ವಿರುದ್ಧವಾಗಿ ಪೋರ್ಚುಗಲ್ ದೇಶವು ೨೦೦೧ರಲ್ಲಿ ಹತ್ತು ದಿನಗಳ ಸೇವನೆಗೆ ಮೀರದ ದ್ರವ್ಯವನ್ನು ಇಟ್ಟುಕೊಳ್ಳುವುದನ್ನು ದಂಡಶಾಸನದಿಂದ ಹೊರಗಿಟ್ಟಾಗ, ಹಾಗೆ ಸಿಕ್ಕಿದವರು ಮೂವರು ಸದಸ್ಯರ ಆಯೋಗವೊಂದರ ಮುಂದೆ ಬರುವಂತೆಯೂ ಅಲ್ಲಿಂದ ಚಿಕಿತ್ಸೆಗೆ ಹೋಗುವಂತೆಯೂ ಏರ್ಪಡಿಸಿ, ಚಿಕಿತ್ಸಾಲಯಗಳನ್ನು ಜೊತೆಜೊತೆಯಲ್ಲಿಯೇ ಬೆಳೆಸಿತು. ಶಾಸನದ ಮಾತು ಎರಡು ಕಡೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ, ಆಸರೆ ಬೇರೆ.

೭. ನಮ್ಮ ದೇಶದ ಸ್ಥಿತಿ

ನಮ್ಮ ಶಾಸನಗಳಲ್ಲಿ ಬದಲು ವ್ಯವಸ್ಥೆಯಿಲ್ಲವೆಂದು ಹೇಳುವಂತಿಲ್ಲ. ೧೯೮೫ರ ಮಾದಕದ್ರವ್ಯ ಮತ್ತು ಮನೋಪರಿಣಾಮಿ ಪದಾರ್ಥಗಳ ಅಧಿನಿಯಮದ ೩೯ನೆಯ ಪ್ರಕರಣದಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕಾಗಿ ದೋಷಿಯೆಂದು ತೀರ್ಮಾನಿತನಾದ ವ್ಯಸನಿಯನ್ನು ನ್ಯಾಯಾಲಯವು ಸೆರೆಗೆ ಬದಲು ಚಿಕಿತ್ಸೆಗೆ ಕಳುಹಿಸಬಹುದು. ೬೪ಎ ಪ್ರಕರಣದಂತೆ, ಅದೇ ಬಗೆಯ ಆಪಾದನೆಗೆ ಒಳಗಾದ ವ್ಯಸನಿಯು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದಲೇ ಮುಕ್ತನಾಗುತ್ತಾನೆ. ಅಲ್ಪ ಪ್ರಮಾಣವೆಂದರೆ ಹೆರಾಯಿನ್ನಿಗೆ ೫ ಗ್ರಾಂ, ಚರಸ್ಸಿಗೆ ೧೦೦ ಗ್ರಾಂ, ಗಾಂಜಾಕ್ಕೆ ೧ ಕಿಲೊಗ್ರಾಂ ವರೆಗೆ. ೨೦೧೭ರ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮವು ಮದ್ಯ ಮತ್ತು ಮಾದಕದ್ರವ್ಯಗಳ ದುರುಪಯೋಗಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ. ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ರಕ್ಷಣೆಗೆ ತೆಗೆದುಕೊಂಡ ಪೊಲೀಸರು ೨೪ ಗಂಟೆಗಳೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯಬೇಕು, ಯಾವ ಸಂದರ್ಭದಲ್ಲಿಯೂ ಲಾಕಪ್ಪಿನಲ್ಲಾಗಲಿ ಸೆರ‍ೆಮನೆಯಲ್ಲಾಗಲಿ ಇಡಕೂಡದು ಎಂದು ಅದರ ೧೦೦ನೆಯ ಪ್ರಕರಣವು ವಿಧಿಸುತ್ತದೆ.

ಇಷ್ಟಿದ್ದೂ ಈ ಬಾಗಿಲುಗಳನ್ನು ತೆರೆಯುವವರು ವಿರಳ. ಪಂಜಾಬಿನ ನ್ಯಾಯಾಲಯಗಳ ೨೦೧೩ರಿಂದ ೨೦೧೫ರ ವರೆಗಿನ ಮಾದಕದ್ರವ್ಯ ಮೊಕದ್ದಮೆಗಳನ್ನು ಪರಿಶೀಲಿಸಿ ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನ್ಯಾಯಾಲಯದ ಮೂಲಕ ವ್ಯಸನಿಯನ್ನು ಚಿಕಿತ್ಸೆಗೆ ಕಳುಹಿಸಿದ ಒಂದು ನಿದರ್ಶನವೂ ಕಂಡುಬರಲಿಲ್ಲ. ಇದಕ್ಕೆ ಕಾರಣವು ಭಾಗಶಃ ಶಾಸನದ ರಚನೆಯಲ್ಲಿಯೇ ಇದೆ. ೩೯ನೆಯ ಪ್ರಕರಣದ ಬಾಗಿಲು ತೆರೆಯುವುದು ತೀರ್ಪಿನ ಮೇಲೆ. ಆದರೆ ೨೦೨೨ರ ಕೊನೆಯಲ್ಲಿ ನಮ್ಮ ಸೆರೆಮನೆಗಳಲ್ಲಿದ್ದ ೫.೭೩ ಲಕ್ಷ ಮಂದಿಯಲ್ಲಿ ೪.೩೪ ಲಕ್ಷ ಮಂದಿ ತೀರ್ಪನ್ನು ಕಾಣದ ವಿಚಾರಣಾಧೀನರು. ಸೆರೆಯು ತೀರ್ಪಿಗೆ ಮುಂಚೆಯೇ ಆರಂಭವಾಗುವ ದೇಶದಲ್ಲಿ ತೀರ್ಪಿಗೆ ಕಟ್ಟಿದ ಬದಲು ವ್ಯವಸ್ಥೆಯು ತಡವಾಗಿಯೇ ಬರುತ್ತದೆ. ೬೪ಎ ಪ್ರಕರಣವು ಮುಂಚೆಯೇ ದೊರೆಯುತ್ತದೆ, ದಿಟ; ಆದರೆ ಚಿಕಿತ್ಸೆಯನ್ನು ಪೂರೈಸದವನ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ಮರುಕಳಿಕೆಯನ್ನು ಹೇಗೆ ಎಣಿಸಬೇಕು, ಪ್ರಗತಿಯನ್ನು ನ್ಯಾಯಾಲಯಕ್ಕೆ ಯಾರು ತಿಳಿಸಬೇಕು, ವ್ಯಸನಿಯೆಂಬುದನ್ನು ಬಂಧನದ ದಿನ ಯಾರು ಗುರುತಿಸಬೇಕು ಎಂಬುದನ್ನು ಶಾಸನವು ಹೇಳುವುದಿಲ್ಲ. ವಿಲ್ಮಿಂಗ್ಟನ್ನಿನ ದುಭಾಷಿ ಇಲ್ಲಿ ಇಲ್ಲ.

ಅಗತ್ಯವೆಷ್ಟೆಂಬುದಕ್ಕೆ ಕರ್ನಾಟಕದಲ್ಲಿಯೇ ಪ್ರಮಾಣವಿದೆ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ೫,೦೨೪ ಸೆರೆಯಾಳುಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ಸುಮಾರು ೮೦ ಮಂದಿಯಲ್ಲಿ ಮನೋರೋಗವಾಗಲಿ ಮಾದಕ ವಸ್ತುಗಳ ಬಳಕೆಯ ತೊಂದರೆಯಾಗಲಿ ಕಂಡುಬಂದಿತು. ಬಳಕೆಯ ತೊಂದರೆಯನ್ನು ಬಿಟ್ಟು ಎಣಿಸಿದರೂ ನೂರಕ್ಕೆ ೨೭ಕ್ಕೂ ಹೆಚ್ಚು ಮಂದಿಯಲ್ಲಿ ಮನೋರೋಗವಿತ್ತು.

ಆಸ್ಪತ್ರೆಗೆ ಕಳುಹಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂಬ ಭ್ರಾಂತಿಯೂ ಬೇಡ. ಅಸ್ಸಾಮಿನ ಮಚಾಂಗ್ ಲಾಲುಂಗ್ ೧೯೫೧ರಲ್ಲಿ ಬಂಧಿತರಾಗಿ ತೇಜಪುರದ ಮಾನಸಿಕ ಚಿಕಿತ್ಸಾಲಯಕ್ಕೆ ಹೋದರು. ೧೯೬೭ರಲ್ಲಿ ವೈದ್ಯರು ಅವರನ್ನು ಗುಣಮುಖರೆಂದು ದೃಢಪಡಿಸಿದರು. ಆಗ ಅವರು ಹೋದುದು ಮನೆಗಲ್ಲ, ಗುವಾಹಟಿಯ ಸೆರೆಮನೆಗೆ. ವಿಚಾರಣೆಯೇ ನಡೆಯದೆ ೨೦೦೫ರ ವರೆಗೆ ಅಲ್ಲಿಯೇ ಉಳಿದು, ೫೪ ವರ್ಷಗಳ ಮೇಲೆ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಹೊಂದಿ, ೨೦೦೭ರಲ್ಲಿ ತೀರಿಕೊಂಡರು. ಬಿಹಾರದ ಹಜಾರಿಬಾಗಿನ ಸೆರೆಮನೆಯಲ್ಲಿ ಗುಣವಾದ ಮೇಲೂ ದಶಕಗಟ್ಟಲೆ ಉಳಿದವರ ಸಂಗತಿಯು ೧೯೮೨ರಲ್ಲಿಯೇ ವೀಣಾ ಸೇಠಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಸೆರೆಮನೆಯಲ್ಲಿಡುವುದು ಸಂವಿಧಾನಬಾಹಿರವೆಂದು ಅದೇ ನ್ಯಾಯಾಲಯವು ೧೯೯೩ರಲ್ಲಿ ಶೀಲಾ ಬಾರ್ಸೆ ಮೊಕದ್ದಮೆಯಲ್ಲಿ ಸಾರಿತು. ವಿಚಾರಣೆಗೆ ಅಶಕ್ತನೆಂಬ ಒಂದೇ ಕಾರಣದಿಂದ ಯಾರನ್ನೂ ಅವಧಿಯಿಲ್ಲದೆ ಕೂಡಿಡಕೂಡದೆಂಬುದು ಅಮೆರಿಕದಲ್ಲಿ ೧೯೭೨ರ ಜ್ಯಾಕ್‌ಸನ್ ಮತ್ತು ಇಂಡಿಯಾನ ತೀರ್ಪಿನಿಂದ ಸ್ಥಿರಪಟ್ಟಿದೆ. ಶಿಕ್ಷೆಗೆ ಕೊನೆಯ ದಿನವೊಂದುಂಟು. ಚಿಕಿತ್ಸೆಗೆ ಕೊನೆಯ ದಿನವನ್ನು ಗೊತ್ತುಮಾಡದಿದ್ದರೆ ದಯೆಯೇ ಶಿಕ್ಷೆಗಿಂತ ಕಠಿಣವಾಗಬಲ್ಲದು.

೮. ಉಪಸಂಹಾರ

ಮೇಲಿನ ವಿವರಣೆಯಿಂದ ನಾಲ್ಕು ತೀರ್ಮಾನಗಳಿಗೆ ಬರಬಹುದು. ಒಂದು: ದಾರಿಯ ಬದಲಾವಣೆ ಸಾಧ್ಯವಾದಷ್ಟು ಮುಂಚೆ, ಬಂಧನದ ದಿನವೇ, ಆಗಬೇಕು, ಇದು ವಿಚಾರಣಾಧೀನರೇ ಹೆಚ್ಚಾಗಿರುವ ನಮ್ಮಲ್ಲಿ ವಿಶೇಷವಾಗಿ ಸಲ್ಲುವ ಮಾತು. ಎರಡು: ನ್ಯಾಯಾಲಯಕ್ಕೂ ಚಿಕಿತ್ಸಾಲಯಕ್ಕೂ ನಡುವೆ ಹೊಣೆಹೊತ್ತ ಮಧ್ಯವರ್ತಿಯಿರಬೇಕು. ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದಂತೆ ನೇಮಕವಾಗುವ ಅಧಿಕಾರಿಗಳಿಗೆ ಸೂಕ್ತ ಶಿಕ್ಷಣವನ್ನು ಕೊಟ್ಟರೆ ಈ ಕೆಲಸಕ್ಕೆ ಹೊಸ ಇಲಾಖೆಯೇ ಬೇಕಾಗದು. ಮೂರು: ಚಿಕಿತ್ಸೆಯ ಅವಧಿಯು ಆ ಅಪರಾಧದ ಶಿಕ್ಷೆಯ ಅವಧಿಯನ್ನು ಮೀರಕೂಡದು, ಚಿಕಿತ್ಸೆ ಯಾವುದೆಂಬುದನ್ನು ವೈದ್ಯನೇ ನಿರ್ಧರಿಸಬೇಕು. ನಾಲ್ಕು: ಚಿಕಿತ್ಸೆಯು ಊರಿನ ಹತ್ತಿರದಲ್ಲಿಯೇ ದೊರೆಯಬೇಕು. ಇದು ಆಗದ ಮಾತಲ್ಲ. ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣವನ್ನು ಕೊಟ್ಟು ಮನೋರೋಗದ ಉಪಚಾರವನ್ನು ಹಳ್ಳಿಗಳಿಗೆ ಒಯ್ದಿತು. ೧೯೯೬ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿ. ಆ ಕಾರ್ಯಕ್ರಮಕ್ಕೂ ಜಿಲ್ಲಾ ನ್ಯಾಯಾಲಯಗಳಿಗೂ ಸಂಬಂಧವನ್ನು ಕಲ್ಪಿಸುವುದೇ ಇನ್ನು ಆಗಬೇಕಾದ ಕೆಲಸ.

ಸೆರೆಗೆ ಬದಲು ಚಿಕಿತ್ಸೆಯೆಂಬುದು ಅಪರಾಧಿಗೆ ತೋರುವ ರಿಯಾಯಿತಿಯೆಂದು ಕೆಲವರು ತಿಳಿಯುವುದುಂಟು. ಮಯಾಮಿಯ ೯೭ ಮಂದಿಯನ್ನು ೨,೨೦೦ ಸಲ ಬಂಧಿಸಿದುದರಿಂದ ಅಲ್ಲಿನ ಬೀದಿಗಳಿಗೆ ದೊರೆತ ರಕ್ಷಣೆಯೆಷ್ಟು ಎಂಬುದನ್ನು ಅಂಥವರು ಲೆಕ್ಕಹಾಕಿ ನೋಡಬೇಕು. ರೋಗವನ್ನು ಹಾಗೆಯೇ ಬಿಟ್ಟು ರೋಗಿಯನ್ನು ಮಾತ್ರ ಹಿಡಿದಿಡುವ ಕ್ರಮದಿಂದ ಕಳವಾದ ವಸ್ತುವಿನ ಒಡೆಯನಿಗೂ ಲಾಭವಿಲ್ಲ.